ಜೊತೆಗೆ ಬಂದವರನ್ನು ಮೊದಲು ಹೊರಗೆ ಕೂರಿಸಿ

ಕೊಡಗಿನಲ್ಲಿ ಸುಗ್ಗಿ ಹಬ್ಬ ಹುತ್ತರಿ ಕಳೆದು ಹತ್ತು ಹದಿನೈದು ದಿನ ಆಗಿತ್ತು. ತೋಟಗಳಲ್ಲಿ ಅರೇಬಿಕಾ ಕೊಯ್ಲು ಜೋರಾಗಿತ್ತು. ನಾನು ಸಮಾಲೋಚಕಿಯಾಗಿ ಕೂರುತ್ತಿದ್ದ ಕೋಣೆಗೆ ಮೂವರು ಬಂದರು. ಒಬ್ಬ ಹೆಂಗಸು, ಅವಳ ಅತ್ತೆ, ಅವಳ ಮೈದುನ. ಹೆಂಗಸಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬರದು. ಎಡಗೈ ಊದಿಕೊಂಡಿತ್ತು. ಊರಿನ ಆಶಾ ಕಾರ್ಯಕರ್ತೆ ಬೆನ್ನು ಬಿಡದೆ ಕಳಿಸಿದ್ದರು.

"ಕಣದಲ್ಲಿ ಜಾರಿ ಬಿದ್ದಳು ಮೇಡಂ. ಇವಳಿಗೆ ಏನೂ ಗೊತ್ತಾಗಲ್ಲ, ನನ್ನನ್ನೇ ಕೇಳಿ" ಅಂದ ಮೈದುನ.

ನಾನು ಅವನನ್ನೇ ಕೇಳಿದೆ. ಅವನು ಹೇಳಿದ್ದನ್ನೇ ಬರೆದುಕೊಂಡೆ. ಎದ್ದು ಹೋಗುವಾಗ ಅವಳು ಗೋಡೆಯ ಕ್ಯಾಲೆಂಡರ್ ಹತ್ತಿರ ನಿಂತಳು. ಹುತ್ತರಿ ದಿನದ ಮೇಲೆ ಬೆರಳಿಟ್ಟಳು. ಇಲ್ಲದ ಮೀಸೆ ತಿರುವಿದಳು. ಗ್ಲಾಸ್ ಎತ್ತಿ ಕುಡಿಯುವ ಹಾಗೆ ಮಾಡಿದಳು. ಊದಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿ ತೋರಿಸಿದಳು. ಎಲ್ಲ ಸೇರಿ ಹತ್ತು ಸೆಕೆಂಡು. ಅಷ್ಟರಲ್ಲಿ ಮೈದುನ ಭುಜ ಹಿಡಿದು ಕರೆದುಕೊಂಡು ಹೋದ. ನನ್ನ ಪುಸ್ತಕದಲ್ಲಿ "ಕಣದಲ್ಲಿ ಜಾರಿ ಬಿದ್ದದ್ದು" ಅಂತ ಇತ್ತು.

ಆ ಒಂದು ಸಾಲು ತಿದ್ದೋಕೆ ನನಗೆ ಮೂರು ವಾರ ಹಿಡಿಯಿತು. ಆಗ ಕಲಿತದ್ದು, ಆಮೇಲೆ ಕಲಿತದ್ದು ಎರಡನ್ನೂ ಇಲ್ಲಿ ಬರೆದಿದ್ದೇನೆ. ಆಶಾ, ಅಂಗನವಾಡಿಯವರು, ಸ್ತ್ರೀಶಕ್ತಿ ಸಂಘದವರು, ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರದಲ್ಲಿ ಕೂರುವವರು, ಪಂಚಾಯಿತಿ ಸದಸ್ಯೆಯರು ಓದಲಿ ಅಂತ. ಅಂಗವಿಕಲ ಹೆಂಗಸನ್ನು ನಮ್ಮ ಹತ್ತಿರ ಕರೆದುಕೊಂಡು ಬರುವವರು, ಅವಳ ಪರವಾಗಿ ಮಾತಾಡುವವರು, ಅವಳ ಫೋನ್ ಇಟ್ಟುಕೊಂಡವರು ಎಷ್ಟೋ ಸಲ ಹೊಡೆದವರೇ ಆಗಿರುತ್ತಾರೆ, ಇಲ್ಲಾ ಅವರ ಮನೆಯವರು. ಹಾಗಾಗಿ ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಮನುಷ್ಯ ಇಲ್ಲದೆ ಈ ಕೆಲಸ ನಡೆಯುತ್ತಾ?

ಯಾವುದು ಹಿಂಸೆ ಅಂತ ಗುರುತಿಸೋದು

ಹೊಡೆತದ ಗಾಯ ಹುಡುಕುತ್ತಾ ಕೂತರೆ ಅರ್ಧದಷ್ಟು ಕಣ್ಣಿಗೇ ಬೀಳುವುದಿಲ್ಲ. ಊರುಗೋಲನ್ನು ಅಟ್ಟದ ಮೇಲೆ ಎಸೆಯುವುದು. ವೀಲ್‌ಚೇರ್ ಅನ್ನು ಬೇಕಂತಲೇ ಮಳೆಯಲ್ಲಿ ಬಿಡುವುದು. ಶ್ರವಣ ಸಾಧನದ ಬ್ಯಾಟರಿ ತೆಗೆದಿಡುವುದು. ಕಣ್ಣು ಕಾಣದವಳ ದಾರಿಯಲ್ಲಿ ಮಂಚ, ಕೊಡ ಅಡ್ಡ ಇಡುವುದು. ಹಾಸಿಗೆ ಹಿಡಿದವಳು ಶೌಚಕ್ಕೆ ಅಂತ ಕರೆದರೆ ಗಂಟೆಗಟ್ಟಲೆ ಬಾರದೆ ಇರುವುದು. "ಜಾಸ್ತಿ ನೀರು ಕುಡಿದರೆ ಎತ್ತೋದು ಯಾರು" ಅಂತ ನೀರನ್ನೇ ಕೊಡದಿರುವುದು. ಫಿಟ್ಸ್ ಮಾತ್ರೆ ಮುಚ್ಚಿಡುವುದು, ಇಲ್ಲಾ ನಿದ್ದೆ ಮಾತ್ರೆ ಜಾಸ್ತಿ ಹಾಕಿ ಮಲಗಿಸುವುದು. ಪಿಂಚಣಿ, ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುವುದು. "ಮಾತೆತ್ತಿದರೆ ಆಶ್ರಮಕ್ಕೆ ಬಿಟ್ಟು ಬರ್ತೀನಿ" ಅನ್ನುವುದು.

ಇವು ಯಾವುವೂ ಸಣ್ಣ ವಿಷಯ ಅಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆತದ ಜೊತೆಗೆ ಲೈಂಗಿಕ ಹಿಂಸೆ, ಮಾತಿನ ಮತ್ತು ಮನಸ್ಸಿನ ಹಿಂಸೆ, ಹಣದ ಹಿಂಸೆ ಎಲ್ಲವೂ ಸೇರುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಇನ್ನೂ ನೇರವಾಗಿದೆ. ನೋಡಿಕೊಳ್ಳುವ ಜವಾಬ್ದಾರಿ ಇದ್ದವರು ಬೇಕಂತಲೇ ಅನ್ನ, ನೀರು ಕೊಡದಿದ್ದರೆ ಅಪರಾಧ. ಅವಳ ಸಾಧನವನ್ನು ಹಾಳು ಮಾಡಿದರೆ, ಬಳಸಲು ಬಿಡದಿದ್ದರೆ ಅದೂ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು, ಮೇಲೆ ದಂಡ. ಅಟ್ಟಕ್ಕೆ ಹೋದ ಊರುಗೋಲಿಗೂ ಕಾನೂನಿನಲ್ಲಿ ಜಾಗ ಇದೆ ಅಂತ ಪೊಲೀಸರಿಗೇ ಎಷ್ಟೋ ಸಲ ನೆನಪಿಸಬೇಕಾಗುತ್ತದೆ.

ಕೌಟುಂಬಿಕ ಹಿಂಸೆ ಕಾಯ್ದೆ ಹೆಂಡತಿಯರಿಗೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಒಂದೇ ಮನೆಯಲ್ಲಿ ಬಾಳುವ ತಾಯಿ, ಮಗಳು, ಅಕ್ಕ, ತಂಗಿಗೂ ಅದು ಸಲ್ಲುತ್ತದೆ. ಮದುವೆಯಾಗದೆ ತವರಿನಲ್ಲೇ ಉಳಿದ ಪೋಲಿಯೋ ಕಾಲಿನ ಅಕ್ಕನಿಂದ ತೋಟದ ಪಾಲಿನ ಕಾಗದಕ್ಕೆ ಗದರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅವಳೂ ದೂರು ಕೊಡಬಹುದು. 2016ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅತ್ತೆ, ನಾದಿನಿ, ಅತ್ತಿಗೆ ಮೇಲೂ ಅರ್ಜಿ ಹಾಕಬಹುದು. ಸಂಬಳಕ್ಕೆ ಬಂದ ಆಯಾ ಹೊಡೆದರೆ ಮಾತ್ರ ಈ ಕಾಯ್ದೆ ಬರುವುದಿಲ್ಲ. ಅದಕ್ಕೆ 2016ರ ಕಾಯ್ದೆ ಮತ್ತು ಪೊಲೀಸ್ ದೂರು.

ಸುದ್ದಿ ಯಾರಿಂದ ಬರುತ್ತದೆ

ಅವಳೇ ಬಸ್ಸು ಹತ್ತಿ ನಮ್ಮ ಕಚೇರಿಗೆ ಬರುತ್ತಾಳೆ ಅಂತ ಕಾಯಬೇಡಿ. ಕುಟ್ಟದ ಕಡೆಯಿಂದ, ಭಾಗಮಂಡಲದ ಆಚೆಯಿಂದ ಆರೋಗ್ಯವಾಗಿ ಇರುವವರೇ ಮಡಿಕೇರಿಗೆ ಬಂದು ಹೋಗಲು ಒಂದು ದಿನ ಇಡಬೇಕು. ಶಕ್ತಿ ಯೋಜನೆಯ ಉಚಿತ ಟಿಕೆಟ್ ಇರುವುದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಜೀಪು, ಆಟೋ.

ಆದ್ದರಿಂದ ಮನೆಗೆ ಹೇಗೂ ಹೋಗಿಬರುವವರನ್ನು ಹಿಡಿಯಿರಿ. ಆಶಾ, ಅಂಗನವಾಡಿ ಕಾರ್ಯಕರ್ತೆ, ಅಂಚೆಯವರು. ಎಲ್ಲರಿಗಿಂತ ಮುಖ್ಯವಾಗಿ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಸಾಮಾನ್ಯವಾಗಿ ಅಂಗವಿಕಲರೇ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ಆದರೆ ಪಿಂಚಣಿ, ಕಾರ್ಡು, ಕ್ಯಾಂಪು ಬಿಟ್ಟು ಬೇರೆ ವಿಷಯ ಅವರನ್ನು ಯಾರೂ ಕೇಳಿರುವುದಿಲ್ಲ. ಒಮ್ಮೆ ಕೂರಿಸಿಕೊಂಡು ಮಾತಾಡಿ. ಲೈನ್ ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಗಳಿಗೆ ಹೋಗುವುದಾದರೆ ಗೇಟಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರ್, ಮೇಸ್ತ್ರಿಗಳನ್ನು ದಾಟಬೇಕು. "ಹಿಂಸೆ ವಿಚಾರಿಸೋಕೆ ಬಂದಿದ್ದೇವೆ" ಅಂದರೆ ಸಂಜೆಯೊಳಗೆ ಇಡೀ ಲೈನಿಗೆ ಗೊತ್ತಾಗುತ್ತದೆ. ಬಿಪಿ ನೋಡಲು ಬಂದೆವು ಅನ್ನಿ, ಕಾರ್ಡು ಮಾಡಿಸಲು ಬಂದೆವು ಅನ್ನಿ. ಈ ಸುಳ್ಳಿಗೆ ಪಾಪ ತಟ್ಟುವುದಿಲ್ಲ.

ಕೌಟುಂಬಿಕ ಹಿಂಸೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹಿಂಸೆ ನಡೆದಿದೆ, ನಡೆಯುತ್ತಿದೆ ಅಂತ ಗೊತ್ತಾದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ನಮ್ಮ ರಾಜ್ಯದಲ್ಲಿ ತಾಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅವರೇ ಸಂರಕ್ಷಣಾಧಿಕಾರಿ. ಇದರ ಜೊತೆಗೆ 2016ರ ಕಾಯ್ದೆಯ 7ನೇ ಸೆಕ್ಷನ್ ಇನ್ನೊಂದು ದಾರಿ ಕೊಡುತ್ತದೆ. ಅಂಗವಿಕಲರ ಮೇಲೆ ಹಿಂಸೆ ನಡೆದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಅಂದರೆ ತಹಶೀಲ್ದಾರರಿಗೂ ತಿಳಿಸಬಹುದು. ಅವರು ಅವಳನ್ನು ಅಲ್ಲಿಂದ ಬಿಡಿಸಲು, ರಕ್ಷಣೆ ಕೊಡಲು ಆದೇಶ ಮಾಡಬಹುದು. ಒಂದು ಬಾಗಿಲು ತೆರೆಯದಿದ್ದರೆ ಇನ್ನೊಂದು ತಟ್ಟಿ.

ಫೋನ್ ವಿಷಯ ಎರಡೇ ಮಾತು. ಮಹಿಳಾ ಸಹಾಯವಾಣಿ 181, ತುರ್ತು 112, ಉಚಿತ ಕಾನೂನು ನೆರವು 15100. ಕಿವಿ ಕೇಳದವಳು ಕರೆ ಮಾಡಿ ಮಾತಾಡಲಾರಳು. ಅವಳ ಫೋನಿಗೆ 112 ಇಂಡಿಯಾ ಆ್ಯಪ್ ಹಾಕಿ, ತುರ್ತು ಗುಂಡಿ ಒತ್ತುವುದನ್ನು ಕಲಿಸಿ. ನಿಮ್ಮ ನಂಬರನ್ನು "ರೇಷನ್" ಅಂತಲೋ "ಬ್ಲೌಸ್ ಅಕ್ಕ" ಅಂತಲೋ ಸೇವ್ ಮಾಡಿ. ವಾಟ್ಸಾಪ್‌ನಲ್ಲಿ ಯಾವ ಚಿತ್ರ ಕಳಿಸಿದರೆ "ಬೇಗ ಬನ್ನಿ" ಅಂತ ಅರ್ಥ ಎಂದು ಮೊದಲೇ ಮಾತಾಡಿಕೊಳ್ಳಿ.

ಕೋಣೆಯೊಳಗೆ

ಇಲ್ಲಿ ನಿಧಾನ ಮಾಡಿ. ನಾನು ಎಡವಿದ್ದು ಇಲ್ಲೇ.

ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. "ಯಾರೇ ಬಂದರೂ ಮೊದಲು ಒಬ್ಬರನ್ನೇ ಒಳಗೆ ಬಿಡೋದು" ಅಂತ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಹಾಳೆ ಇದ್ದರೆ ಜಗಳ ಆಗಲ್ಲ, ನಿಯಮ ಅಂದುಕೊಳ್ಳುತ್ತಾರೆ. "ನಾನಿಲ್ಲದೆ ಅವಳಿಗೆ ಆಗಲ್ಲ" ಅಂತ ಹಟ ಮಾಡಿದರೆ ಅವರಿಗೂ ಒಂದು ಕೆಲಸ ಕೊಡಿ. ಆಧಾರ್ ಜೆರಾಕ್ಸ್ ತರಲು ಪೇಟೆಗೆ ಕಳಿಸಿ.

ಅವಳಿಗೆ ಕಣ್ಣು ಕಾಣದಿದ್ದರೆ ಇನ್ನೊಂದು ಎಚ್ಚರ ಬೇಕು. ಗಂಡ ಸದ್ದಿಲ್ಲದೆ ಮೂಲೆಯಲ್ಲೇ ನಿಂತಿದ್ದರೂ ಅವಳಿಗೆ ಗೊತ್ತಾಗುವುದಿಲ್ಲ, ಆ ಅಂಜಿಕೆಯಲ್ಲೇ ಬಾಯಿ ಬಿಡುವುದಿಲ್ಲ. ಬಾಗಿಲು ಹಾಕಿದ ಸದ್ದು ಅವಳಿಗೆ ಕೇಳಿಸಬೇಕು. "ಈಗ ಇಲ್ಲಿ ನಾನು, ನೀವು ಇಬ್ಬರೇ" ಅಂತ ಬಾಯಿಬಿಟ್ಟು ಹೇಳಿ. ನಡೆಸಿಕೊಂಡು ಹೋಗುವಾಗ ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈಯನ್ನು ಅವಳು ಹಿಡಿಯಲಿ.

ಕಿವಿ ಕೇಳದವರಿಗೆ ದುಭಾಷಿ ಬೇಕು. ನಮ್ಮ ಜಿಲ್ಲೆಯಲ್ಲಿ ಸನ್ನೆ ಭಾಷೆ ಚೆನ್ನಾಗಿ ಬಲ್ಲವರು ಬೆರಳೆಣಿಕೆಯಷ್ಟು. ಪ್ರಕರಣ ಬಂದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಶ್ರವಣದೋಷ ಇರುವ ಮಕ್ಕಳ ಶಾಲೆಗಳಲ್ಲಿ ಕಲಿಸುವವರ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ, ಮೈಸೂರಿನವರಾದರೂ ಸರಿ. ವಿಡಿಯೋ ಕಾಲಿನಲ್ಲೂ ಕೆಲಸ ಆಗುತ್ತದೆ. ಶಾಲೆಯ ಮೆಟ್ಟಿಲು ಹತ್ತದವರಿಗೆ ಆ ಸನ್ನೆ ಭಾಷೆಯೂ ಬರುವುದಿಲ್ಲ. ಅವರದು ಮನೆಯಲ್ಲೇ ಹುಟ್ಟಿದ ಸನ್ನೆ. ಅದು ತಿಳಿದ ಒಬ್ಬ ಗೆಳತಿ, ಪಕ್ಕದ ಮನೆಯ ಅಕ್ಕ ಇದ್ದೇ ಇರುತ್ತಾಳೆ. ಅವಳನ್ನು ಹುಡುಕಿ. ಮನೆಯವರನ್ನು ಮಾತ್ರ ದುಭಾಷಿ ಮಾಡಬೇಡಿ. ಚಿಕ್ಕ ಮಕ್ಕಳನ್ನಂತೂ ಬೇಡವೇ ಬೇಡ. ಅಮ್ಮ ತಿಂದ ಪೆಟ್ಟನ್ನು ಮಗು ಬಾಯಲ್ಲಿ ಹೇಳಿಸುವುದಾ?

ಕ್ಯಾಲೆಂಡರ್ ತೋರಿಸಿದ ಹೆಂಗಸನ್ನು ನಾವು ಮತ್ತೆ ಕಂಡದ್ದು ಕಿವಿ ಪರೀಕ್ಷೆ ಹೆಸರಲ್ಲಿ. ಪರೀಕ್ಷೆ ಕೋಣೆಗೆ ಒಬ್ಬರನ್ನೇ ಬಿಡುತ್ತಾರಲ್ಲ, ಅತ್ತೆ ಹೊರಗೆ ಉಳಿದರು. ಒಳಗೆ ಅವಳ ಬಾಲ್ಯದ ಗೆಳತಿಯನ್ನು ಮೊದಲೇ ಕೂರಿಸಿದ್ದೆವು. ನಾನು ಕ್ಯಾಲೆಂಡರ್ ಬಿಚ್ಚಿಟ್ಟೆ. ಅವಳು ಹಾಳೆ ಹಿಂದಕ್ಕೆ ಮಗುಚುತ್ತಾ ಹೋದಳು. ಹುತ್ತರಿ, ದೀಪಾವಳಿ, ಕಾವೇರಿ ಸಂಕ್ರಮಣ, ಕೈಲ್‌ಪೊಳ್ದ್. ಹಬ್ಬ ಬಂದರೆ ಗಂಡ ಕುಡಿಯುತ್ತಿದ್ದ. ಮೀಸೆ ತಿರುವಿದರೆ ಗಂಡ, ತಲೆಗೆ ಸೆರಗು ಹಾಕಿದರೆ ಅತ್ತೆ, ಶರ್ಟಿನ ಕಾಲರ್ ಎತ್ತಿದರೆ ಮೈದುನ. ಕಾಲರ್ ಎತ್ತಿದಾಗ ಅವಳ ಮುಖ ಹೋದ ರೀತಿ ನೋಡಿ ಗೆಳತಿ ಸುಮ್ಮನಾದಳು. ಅವನು ಮಾಡುತ್ತಿದ್ದದ್ದು ಬೇರೆಯೇ ಇತ್ತು.

ಬುದ್ಧಿಮಾಂದ್ಯ ಅಂತ ಊರು ಹೇಳುವ ಹುಡುಗಿಯರ ಜೊತೆ ಮಾತಾಡುವಾಗ ಹೌದು, ಅಲ್ಲ ಅನ್ನುವಂಥ ಪ್ರಶ್ನೆ ಕಡಿಮೆ ಮಾಡಿ. ಎದುರಿನವರಿಗೆ ಖುಷಿಯಾಗಲಿ ಅಂತ ಎಲ್ಲದಕ್ಕೂ ಹೌದು ಅಂದುಬಿಡುತ್ತಾರೆ. "ಆಮೇಲೆ ಏನಾಯ್ತು?" ಅಂತ ಕೇಳಿ, ಕಾಯಿರಿ. ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಹಿಂದಿನದು ಮುಂದೆ, ಮುಂದಿನದು ಹಿಂದೆ ಹೇಳಬಹುದು. ಅದು ಸುಳ್ಳಲ್ಲ. "ಅವಳಿಗೆ ಹುಚ್ಚು" ಅನ್ನುವುದು ಹೊಡೆಯುವವರ ಕೈಯಲ್ಲಿರುವ ಸುಲಭದ ಅಸ್ತ್ರ. ಅಂಗವಿಕಲೆಯ ಸಾಕ್ಷ್ಯ ಅಂದ ಮಾತ್ರಕ್ಕೆ ಅದಕ್ಕೆ ಬೆಲೆ ಕಡಿಮೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದಿವಾಸಿಗಳ ಹಾಡಿಯಿಂದ ಬಂದ ಯರವರ, ಕುರುಬರ ಹೆಣ್ಣುಮಕ್ಕಳಿಗೆ, ಕೊಯ್ಲಿಗೆ ಅಸ್ಸಾಮಿನಿಂದ ಬಂದವರಿಗೆ ನಮ್ಮ ಕನ್ನಡವೇ ಒಂದು ಗೋಡೆ. ಅಲ್ಲೂ ಅದೇ ಮಾತು, ಗಂಡನನ್ನು ದುಭಾಷಿ ಮಾಡಬೇಡಿ.

ಇನ್ನು ರಾಜಿ. "ಎಲ್ಲರ ಮನೆ ದೋಸೇನೂ ತೂತೇ" ಅಂತ ಹಿರಿಯರು ಬರುತ್ತಾರೆ. ಅಂಗವಿಕಲೆಯ ವಿಷಯದಲ್ಲಿ ಇನ್ನೂ ಒಂದು ಮಾತು ಸೇರುತ್ತದೆ: "ಇಂಥವಳನ್ನು ಕಟ್ಟಿಕೊಂಡದ್ದೇ ಅವನ ದೊಡ್ಡ ಗುಣ." ಈ ಮಾತು ನಮ್ಮ ತಲೆಯಲ್ಲೂ ಎಲ್ಲೋ ಇರುತ್ತದೆ. ಇದೆಯಾ ಅಂತ ನೋಡಿಕೊಳ್ಳಿ.

ಬರೆಯುವಾಗ

ಕೌಟುಂಬಿಕ ಘಟನಾ ವರದಿ, ಎಲ್ಲರೂ ಡಿಐಆರ್ ಅನ್ನುವ ನಮೂನೆ 1, ಸಂರಕ್ಷಣಾಧಿಕಾರಿ ಬಳಿ ಆಗುತ್ತದೆ. ಪಟ್ಟಿಯಲ್ಲಿ ಊರುಗೋಲು, ಬ್ಯಾಟರಿ, ಶೌಚ ಅಂತ ಇರುವುದಿಲ್ಲ. ಬೇರೆ ಯಾವುದಾದರೂ ಇದ್ದರೆ ಬರೆಯಿರಿ ಅಂತ ಬಿಟ್ಟ ಜಾಗ ಇದೆ. ಅದನ್ನು ಖಾಲಿ ಬಿಡಬೇಡಿ. "ಕಿರುಕುಳ ನೀಡಿದ್ದಾರೆ" ಅಂತ ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. "ಎರಡು ದಿನ ಊರುಗೋಲು ಕೊಡಲಿಲ್ಲ, ಶೌಚಕ್ಕೆ ತೆವಳಿಕೊಂಡು ಹೋದಳು" ಅಂತ ಬರೆಯಿರಿ. ಸನ್ನೆಯಲ್ಲಿ ಹೇಳಿದ್ದನ್ನು ಸನ್ನೆಯಾಗಿಯೇ ವಿವರಿಸಿ, ದುಭಾಷಿ ಯಾರು ಅಂತಲೂ ಬರೆಯಿರಿ. ನಮ್ಮ ಆ ಪ್ರಕರಣದಲ್ಲಿ ಅವಳು ಬೆರಳಿಟ್ಟ ಕ್ಯಾಲೆಂಡರ್ ಹಾಳೆಗಳ ಜೆರಾಕ್ಸನ್ನೂ ಸೇರಿಸಿದೆವು.

ಬರೆದದ್ದನ್ನು ಅವಳಿಗೆ ಓದಿ ಹೇಳಿ, ಇಲ್ಲಾ ಸನ್ನೆಯಲ್ಲಿ ತಿಳಿಸಿ. ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ಪೋಷಕರ ಸಹಿ ಬೇಕು ಅಂತ ಯಾರಾದರೂ ತಕರಾರು ತೆಗೆದರೆ 2016ರ ಕಾಯ್ದೆಯ 13ನೇ ಸೆಕ್ಷನ್ ತೋರಿಸಿ. ಅಂಗವಿಕಲರಿಗೂ ಎಲ್ಲರಷ್ಟೇ ಕಾನೂನು ಸಾಮರ್ಥ್ಯ ಇದೆ. ವರದಿಯ ಒಂದು ಪ್ರತಿ ಅವಳಿಗೆ ಉಚಿತವಾಗಿ ಸಿಗಬೇಕು. ಮನೆಗೆ ಒಯ್ದರೆ ಅಪಾಯ ಅನಿಸಿದರೆ ಆಶಾ ಹತ್ತಿರ ಇಡಿ.

ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಇದೆ. ಅವಳು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಸೋಮವಾರಪೇಟೆಯ ಗಂಡನ ಮನೆ ಬಿಟ್ಟು ವಿರಾಜಪೇಟೆಯ ತವರಿಗೆ ಬಂದಿದ್ದರೆ ವಿರಾಜಪೇಟೆಯಲ್ಲೇ ಸಾಕು. ಅರ್ಜಿ ತಲುಪಿದ 3 ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ಮುಗಿಸುವ ಪ್ರಯತ್ನ ಅಂತ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿದೆ. ಅಷ್ಟು ಬೇಗ ಮುಗಿಯುವುದು ಅಪರೂಪ. ಅದಕ್ಕೇ 23ನೇ ಸೆಕ್ಷನ್ನಿನ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಿ. ಮೈದುನನಂಥ ಪ್ರಕರಣ ಇದ್ದರೆ ಪೊಲೀಸ್ ದೂರು ಬೇರೆಯೇ ಆಗಬೇಕು. ಅತ್ಯಾಚಾರದಂಥ ಅಪರಾಧದಲ್ಲಿ ಪೊಲೀಸರೇ ಅಂಗವಿಕಲೆಯ ಮನೆಗೆ, ಇಲ್ಲಾ ಅವಳಿಗೆ ಅನುಕೂಲವಾದ ಜಾಗಕ್ಕೆ ಬಂದು, ದುಭಾಷಿಯನ್ನು ಇಟ್ಟುಕೊಂಡು, ವಿಡಿಯೋ ಮಾಡಿ ಹೇಳಿಕೆ ಬರೆದುಕೊಳ್ಳಬೇಕು. ಠಾಣೆಗೆ ಕರೆಸಿದರೆ ಇದನ್ನು ನೆನಪಿಸಿ.

ಎಲ್ಲಿ ಇರಿಸೋದು

ಮನೆ ಬಿಡಿಸಿ ಆಶ್ರಯ ಕೇಂದ್ರಕ್ಕೆ ಸೇರಿಸುವುದು ನಮಗೆ ಅಭ್ಯಾಸವಾಗಿದೆ. ಅಂಗವಿಕಲೆಗೆ ಅದು ಹಲವು ಸಲ ತಪ್ಪು ದಾರಿ. ಕಣ್ಣು ಕಾಣದವಳಿಗೆ ತನ್ನ ಮನೆಯ ಒಂದೊಂದು ಹೊಸ್ತಿಲೂ ಗೊತ್ತು. ಅಲ್ಲಿ ಅವಳು ಅಡುಗೆ ಮಾಡುತ್ತಾಳೆ, ಹೊಸ ಜಾಗದಲ್ಲಿ ಬಚ್ಚಲು ಹುಡುಕಲೂ ಇನ್ನೊಬ್ಬರು ಬೇಕು. ಹಾಗಾಗಿ ಮೊದಲು 19ನೇ ಸೆಕ್ಷನ್ನಿನ ವಾಸದ ಆದೇಶ ಕೇಳಿ. ಹೊಡೆಯುವ ಗಂಡಸನ್ನೇ ಮನೆಯಿಂದ ಹೊರಗೆ ಇರುವಂತೆ ಕೋರ್ಟು ಹೇಳಬಹುದು. ಹೆಂಗಸರ ಮೇಲೆ ಮಾತ್ರ ಇಂಥ ಆದೇಶ ಆಗುವುದಿಲ್ಲ. ಲೈನ್ ಮನೆಯಾದರೆ ತೊಡಕು ಜಾಸ್ತಿ, ಮನೆ ಗಂಡನ ಕೆಲಸಕ್ಕೆ ಗಂಟು ಬಿದ್ದಿರುತ್ತದೆ. ತೋಟದವರ ಜೊತೆ ಮೊದಲೇ ಮಾತಾಡಿ.

ಹೊರಗೆ ಬರಲೇಬೇಕಾದರೆ ಮಡಿಕೇರಿಯಲ್ಲಿ, ಹಿಂಸೆಗೆ ಸಿಕ್ಕ ಮಹಿಳೆಯರಿಗೆ ನೆರವೆಲ್ಲ ಒಂದೇ ಕಡೆ ಸಿಗುವ ಸಖಿ ಒನ್ ಸ್ಟಾಪ್ ಸೆಂಟರ್ ಇದೆ. ಅಲ್ಲಿ ಸಾಮಾನ್ಯವಾಗಿ 5 ದಿನ ಉಳಿಯಬಹುದು. ಎಲ್ಲಿಗೇ ಕಳಿಸಿದರೂ ಮೊದಲು ನೀವೇ ಹೋಗಿ ನೋಡಿ. ನಮ್ಮದು ಗುಡ್ಡದ ಊರು, ಕಚೇರಿ ಅಂದರೆ ಮೇಲೆ ಹತ್ತು ಮೆಟ್ಟಿಲು, ಕೆಳಗೆ ಹತ್ತು ಮೆಟ್ಟಿಲು. ಮಳೆಗಾಲದಲ್ಲಿ ಆ ಕಲ್ಲಿನ ಮೇಲೆ ಪಾಚಿ. ಇಳಿಜಾರು ಅಂತ ಕಟ್ಟಿರುವುದು ಎಷ್ಟೋ ಕಡೆ ಬೈಕ್ ಹತ್ತಿಸಲು ಮಾಡಿದ ಹಾಗಿದೆ. ಸರಿಯಾದದ್ದು ಒಂದಕ್ಕೆ ಹನ್ನೆರಡು, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಟೇಪು ತಗೊಂಡು ಹೋಗಿ. ಬಾಗಿಲು 90 ಸೆಂಟಿಮೀಟರ್ ಇದೆಯಾ? ಶೌಚಾಲಯದಲ್ಲಿ ವೀಲ್‌ಚೇರ್ ತಿರುಗುತ್ತಾ? ಹಿಡಿಯಲು ಕಂಬಿ ಇದೆಯಾ? ರಾತ್ರಿ ಅವಳನ್ನು ಎತ್ತಿ ಮಲಗಿಸುವವರು ಯಾರು? "ಮಾನಸಿಕ ಕಾಯಿಲೆ ಇದ್ದವರನ್ನು ಸೇರಿಸಲ್ಲ" ಅನ್ನುವ ನಿಯಮ ಇದೆಯಾ? ಒಂದು ಆಶ್ರಯ ಕೇಂದ್ರದವರು ನನಗೆ ಫೋನಿನಲ್ಲಿ ಎಲ್ಲಾ ಅನುಕೂಲ ಇದೆ ಅಂದಿದ್ದರು. ಹೋಗಿ ನೋಡಿದರೆ ಮಲಗುವ ಕೋಣೆ ಮೊದಲ ಮಹಡಿಯಲ್ಲಿತ್ತು.

ಓಡಿ ಹೋಗು ಅನ್ನುವ ಮುಂಚೆ

ಕಾಯ್ದೆಯ ನಿಯಮಗಳಲ್ಲಿ ಸುರಕ್ಷತಾ ಯೋಜನೆಗೇ ಒಂದು ನಮೂನೆ ಇದೆ, ನಮೂನೆ 5. ಅದನ್ನು ಊರಿಗೆ ತಕ್ಕ ಹಾಗೆ ತುಂಬಿ. ಸಿದ್ದಾಪುರ, ತಿತಿಮತಿ ಕಡೆ ಕತ್ತಲಾದ ಮೇಲೆ ದಾರಿಯಲ್ಲಿ ಆನೆ ನಿಂತಿರುತ್ತದೆ. ಎರಡು ಕಾಲು ಗಟ್ಟಿ ಇದ್ದವರೇ ಹೆದರುವಾಗ ಊರುಗೋಲಿನವಳಿಗೆ "ಹೊಡೆದರೆ ಹೊರಗೆ ಓಡು" ಅನ್ನುವುದು ಯಾವ ನ್ಯಾಯ? ಹಗಲಲ್ಲಿ ಹೊರಡುವ ಹಾಗೆ ಯೋಜನೆ ಇರಲಿ. ರಾತ್ರಿಗೆ ಮಾತ್ರ ಕೂಗಿದರೆ ಕೇಳುವಷ್ಟು ಹತ್ತಿರದ ಒಂದು ಮನೆ, ಒಳಗಿಂದ ಚಿಲಕ ಹಾಕಬಹುದಾದ ಒಂದು ಕೋಣೆ. ಒಂದು ಸೀಟಿ ಕೊಡಿ, ಮಾತು ಬರದವರಿಗೂ ಊದಲು ಬರುತ್ತದೆ. ನಂಬಿಕಸ್ತ ಆಟೋ ಅಥವಾ ಜೀಪಿನವರ ಜೊತೆ ಬಾಡಿಗೆ ಯಾರು ಕೊಡುವುದು ಅಂತ ಮೊದಲೇ ಮಾತಾಗಿರಲಿ.

ಆಶಾ ಮನೆಯಲ್ಲಿ ಒಂದು ಚೀಲ ಇಡಿ. ಆಧಾರ್, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು, ಪಾಸ್‌ಬುಕ್ಕಿನ ಜೆರಾಕ್ಸ್, ಒಂದು ವಾರದ ಮಾತ್ರೆ, ಮಾತ್ರೆ ಚೀಟಿಯ ಫೋಟೋ, ಹಳೆಯದಾದರೂ ಸರಿ ಇನ್ನೊಂದು ಊರುಗೋಲು, ಶ್ರವಣ ಸಾಧನದ ಬ್ಯಾಟರಿ, ಬೇಕಿದ್ದವರಿಗೆ ಡೈಪರ್ ಮತ್ತು ಕ್ಯಾತಿಟರ್.

ಆದೇಶ ಸಿಕ್ಕ ಮೇಲೆ

ಬ್ಯಾಂಕಿಗೆ ಕರೆದುಕೊಂಡು ಹೋಗಿ ಎಟಿಎಂ ಕಾರ್ಡು ಬ್ಲಾಕ್ ಮಾಡಿಸಿ, ಹೊಸದು ಅವಳ ಕೈಗೇ ಬರಲಿ. ಫೋನ್ ನಂಬರ್ ಬದಲಿಸಿ, ಇಲ್ಲದಿದ್ದರೆ ಒಟಿಪಿ ಗಂಡನಿಗೇ ಹೋಗುತ್ತದೆ. ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲಿ ಮಾತಾಡುತ್ತಾರೆ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ಒಮ್ಮೆ ಮನೆಗೆ ಹೋಗಿ ಬನ್ನಿ. ಜೂನ್ ನಂತರ ಕರೆಂಟು ದಿನಗಟ್ಟಲೆ ಇರುವುದಿಲ್ಲ, ಟವರ್ ಸತ್ತಿರುತ್ತದೆ, ಆ್ಯಪ್ ಯಾವುದೂ ನಡೆಯುವುದಿಲ್ಲ. ಊರುಗೋಲಿನ ರಬ್ಬರ್ ಸವೆದಿದ್ದರೆ ಬದಲಿಸಿ. ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು ಇದೆಯಾ ನೋಡಿ. ವಾರಕ್ಕೊಮ್ಮೆ ಯಾರು ಹೋಗಿ ಮುಖ ನೋಡಿ ಬರುತ್ತಾರೆ ಅಂತ ಹೆಸರು ಹಿಡಿದು ನಿಗದಿ ಮಾಡಿ.

ರಕ್ಷಣಾ ಆದೇಶ ಮುರಿದರೆ 31ನೇ ಸೆಕ್ಷನ್ ಪ್ರಕಾರ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಆದರೆ ಮುರಿದದ್ದು ಯಾರಿಗಾದರೂ ಗೊತ್ತಾಗಬೇಕಲ್ಲ. ಆ ಹೆಂಗಸಿಗೆ ನಾನು ಪ್ರತಿ ಡಿಸೆಂಬರಿನಲ್ಲಿ ಒಂದು ಕ್ಯಾಲೆಂಡರ್, ಒಂದು ಕೆಂಪು ಪೆನ್ನು ಕೊಟ್ಟು ಬರುತ್ತೇನೆ. ಮಡಚಿ ಅಕ್ಕಿ ಡಬ್ಬದ ಹಿಂದೆ ಇಟ್ಟಿರುತ್ತಾಳೆ. ಹೋದಾಗಲೆಲ್ಲ ಬಾಗಿಲು ಹಾಕಿ, ತೆಗೆದು ತೋರಿಸುತ್ತಾಳೆ. ಮೊನ್ನೆ ಹೋದಾಗ ಎರಡು ದಿನಕ್ಕೆ ಕೆಂಪು ಗುರುತಿತ್ತು. ತಾರೀಖು ಬರೆದುಕೊಂಡು, ಬರುವ ದಾರಿಯಲ್ಲೇ ಸಂರಕ್ಷಣಾಧಿಕಾರಿ ಕಚೇರಿಗೆ ಕೊಟ್ಟು ಬಂದೆ.